ಫಾಂಟಿನ ಹಂಗಿನಲ್ಲಿರುವ ಕನ್ನಡ

ತಡವಳದಂಥ ಗಡಿಯೂರಿನಲ್ಲಿ ಸೇರಿ, ಇಂಟರ್ನೆಟ್ ಎಕ್ಸ್‌ಪ್ಲೋರರ್ ಎಂಬ ಸತ್ತುಹೋದ ಬ್ರೌಸರಿನ ಮಾತೆತ್ತುವುದೇಕೆ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯಲ್ಲಿ ತಪ್ಪಿಲ್ಲ. ಮನೆಯಲ್ಲಿ ಕನ್ನಡ, ಕಚೇರಿಯ ಕಾಗದದಲ್ಲಿ ಮರಾಠಿ ಎಂದು ದಿನಕ್ಕೆ ಹತ್ತು ಸಲ ಲಿಪಿ ಬದಲಿಸುವ ಸೊಲ್ಲಾಪುರ, ಅಕ್ಕಲಕೋಟೆ ಸೀಮೆಗೆ ಈ ಸಂಗತಿ ಬೆಂಗಳೂರಿಗಿಂತ ಹೆಚ್ಚು ತಟ್ಟುತ್ತದೆ ಎಂಬುದೇ ಅದಕ್ಕೆ ನನ್ನ ಉತ್ತರ. ಹಳೆಯ ಜಾಲಪುಟಗಳಿಂದ ನಾವು ಉಳಿಸಿಕೊಳ್ಳಬೇಕಾದದ್ದು ಕನ್ನಡದ ರೂಪವನ್ನಲ್ಲ, ಕನ್ನಡದ ಸಂಕೇತವನ್ನು. ಇಂದಿನ ಚರ್ಚೆಗೆ ನಾನು ಮುಂದಿಡುವ ವಾದ ಇಷ್ಟೇ.

ಪ್ರತಿ ಲಿಪಿಯ ಅಕ್ಷರಗಳಿಗೂ ಅವುಗಳದೇ ಸಂಕೇತ ಕೊಡುವ ಯೂನಿಕೋಡ್‌ನ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಕನ್ನಡಕ್ಕೆ ಅದರಲ್ಲಿ ತನ್ನದೇ ಮನೆ ಸಿಕ್ಕಿತ್ತು. ಆದರೆ ವಿಂಡೋಸ್‌ಗೆ ಕನ್ನಡವನ್ನು ಸರಿಯಾಗಿ ಮೂಡಿಸಲು ಬಂದದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನ ಜೊತೆ. ನಡುವಿನ ಹತ್ತು ವರ್ಷ ಕನ್ನಡಿಗರು ಕೈಕಟ್ಟಿ ಕೂರಲಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟ್‌ಗಳಲ್ಲಿ ಬರೆದರು. 1997ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 4, ಅಂಥ ಫಾಂಟನ್ನು ಪುಟದ ಜೊತೆಗೇ ಕಳುಹಿಸುವ ದಾರಿ ತೋರಿತು. ಓದುಗ ಏನನ್ನೂ ಅಳವಡಿಸಿಕೊಳ್ಳದೆ ಕನ್ನಡ ತೆರೆದುಕೊಂಡಿತು. ಇದನ್ನೇ ಡೈನಾಮಿಕ್ ಫಾಂಟ್ ಎಂದರು. ಅದನ್ನು ಈಗ ಬೈಯುವುದು ಕೃತಘ್ನತೆ. ಅದಿಲ್ಲದಿದ್ದರೆ ಜಾಲದ ಮೊದಲ ಕನ್ನಡ ಬರಹಗಳಲ್ಲಿ ಎಷ್ಟೋ ಹುಟ್ಟುತ್ತಲೇ ಇರಲಿಲ್ಲ. ಆದರೆ ಮೈಕ್ರೋಸಾಫ್ಟಿನ ಆ ತಂತ್ರಕ್ಕೆ ಬೇರೆ ಬ್ರೌಸರುಗಳು ಒಲಿಯಲಿಲ್ಲ. ಸಾಲದ್ದಕ್ಕೆ ಫಾಂಟನ್ನು ಒಂದೇ ತಾಣದ ವಿಳಾಸಕ್ಕೆ ಕಟ್ಟಿಹಾಕುವ ಏರ್ಪಾಡೂ ಅದರಲ್ಲಿತ್ತು. ಹಾಗೆ ಕಟ್ಟಿದ ಪುಟ ವಿಳಾಸ ಬದಲಿಸಿದರೆ ಅಕ್ಷರ ಅಲ್ಲೇ ಉಳಿದು, ಚಿಹ್ನೆಗಳ ರಾಶಿ ಮಾತ್ರ ಹಿಂದೆ ಬರುತ್ತಿತ್ತು. 2022ರ ಜೂನ್ 15ರಂದು ಎಕ್ಸ್‌ಪ್ಲೋರರ್ ನಿವೃತ್ತವಾಯಿತು. ಎಡ್ಜ್‌ನೊಳಗೆ ಅದರ ನೆರಳೊಂದನ್ನು 2029ರವರೆಗಾದರೂ ಉಳಿಸುವುದಾಗಿ ಕಂಪನಿ ಹೇಳಿದೆ, ನಿಜ. ಆ ನೆರಳು ದೊಡ್ಡ ಕಚೇರಿಗಳ ಕಂಪ್ಯೂಟರಿಗೆ. ಈ ಊರು ಜಾಲವನ್ನು ನೋಡುವುದು ಮೊಬೈಲಿನಲ್ಲಿ.

ಆ ಹಳೆಯ ಫಾಂಟುಗಳ ಒಳಗಿನ ಸ್ಥಿತಿ ನೋಡಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಪದ್ಧತಿಯಲ್ಲಿ 'ಕನ್ನಡ' ಎಂಬ ಪದಕ್ಕೆ ಏಳು ಚಿಹ್ನೆ: ತಲೆಕಟ್ಟಿಲ್ಲದ ಕ, ಒಂದು ತಲೆಕಟ್ಟು, ನಕಾರದ ದೇಹ, ಮತ್ತೆ ತಲೆಕಟ್ಟು, ಒತ್ತು, ಡಕಾರದ ದೇಹ, ಇನ್ನೊಂದು ತಲೆಕಟ್ಟು. ನಕಾರದ ದೇಹ ಇರುವ ಜಾಗ ಬ್ರಿಟಿಷ್ ಪೌಂಡಿನ ಗುರುತಿನದು! ಯೂನಿಕೋಡ್‌ನಲ್ಲಿ ಐದೇ ಸಂಕೇತ, ಐದೂ ಕನ್ನಡದವು. ಹಳೆಯದು ಮೊಳೆ ಜೋಡಿಸುವವನ ಲೆಕ್ಕ, ಹೊಸದು ಉಚ್ಚರಿಸುವವನ ಲೆಕ್ಕ.

ಇಲ್ಲಿ ಜಾಣ ಆಕ್ಷೇಪವೊಂದಿದೆ. ಈಗ ಎಲ್ಲ ಬ್ರೌಸರುಗಳೂ ಜಾಲ ಫಾಂಟನ್ನು ಒಪ್ಪುತ್ತವಲ್ಲ, ಹಳೆಯ ಫಾಂಟನ್ನು ಹೊಸ ರೂಪಕ್ಕೆ ತಿರುಗಿಸಿ ಹಚ್ಚಿದರೆ ಪಠ್ಯ ಮುಟ್ಟದೆಯೇ ಪುಟ ಕಾಣಿಸುತ್ತದಲ್ಲ ಎಂಬುದು. ಕಾಣಿಸುತ್ತದೆ, ಒಪ್ಪಿದೆ. ಆದರೆ ಹುಡುಕಿದರೆ ಸಿಗುವುದಿಲ್ಲ. ನಕಲಿಸಿ ವಾಟ್ಸಾಪಿಗೆ ಹಾಕಿದರೆ ಮತ್ತೆ ಚಿಹ್ನೆಗಳ ರಾಶಿ. ಕಣ್ಣಿಲ್ಲದವರಿಗೆ ಪರದೆ ಓದಿ ಹೇಳುವ ತಂತ್ರಾಂಶ ಅದನ್ನು ಇಂಗ್ಲಿಷ್ ಅಕ್ಷರಗಳೆಂದೇ ಒದರುತ್ತದೆ. ಪುಟಗಳ ಚಿತ್ರ ತೆಗೆದಿಟ್ಟರೆ ಸಾಕೆನ್ನುವವರಿಗೂ ಇದೇ ಉತ್ತರ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಹಳೆಯದನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತನೆಯಲ್ಲಿ ಪಠ್ಯ ಕೆಡುತ್ತದೆ. ಕೆಡುವುದುಂಟು, ಆದರೆ ಎಲ್ಲೆಂದರಲ್ಲಿ ಅಲ್ಲ. 'ಕರ್ನಾಟಕ'ದ ಅರ್ಕಾವತ್ತು ಹಳೆಯ ಸಾಲಿನಲ್ಲಿ ನಾ ಆದಮೇಲೆ ಬರುತ್ತದೆ, ಯೂನಿಕೋಡ್‌ನಲ್ಲಿ ಅದಕ್ಕಿಂತ ಮೊದಲೇ ಬರಬೇಕು. 'ರ‍್ಯಾಂಕ್' ಬರೆಯಲು ಕಣ್ಣಿಗೆ ಕಾಣದ ಜೋಡಕವೊಂದು ಬೇಕು. ಸೊನ್ನೆ ಅಂಕಿಯೋ ಅನುಸ್ವಾರವೋ ಎಂಬ ಗೊಂದಲವೂ ಉಂಟು. ತಪ್ಪು ಕೂಡುವ ಇಂಥ ಜಾಗಗಳು ಗೊತ್ತಿರುವುದರಿಂದ, ಯಂತ್ರ ತಿರುಗಿಸಿದ್ದನ್ನು ಕನ್ನಡ ಶಾಲೆಯ ಒಬ್ಬ ಮಾಸ್ತರರೂ ತಿದ್ದಬಲ್ಲರು.

ನಿಜವಾದ ಅಪಾಯ ಬೇರೆ ಕಡೆ ಇದೆ, ಅದು ಗಡಿಯದು. ಪುಣೆಯ ಶ್ರೀಲಿಪಿಯಂಥ ತಂತ್ರಾಂಶ ಮರಾಠಿಗೂ ಇತ್ತು, ಕನ್ನಡಕ್ಕೂ ಇತ್ತು. ಎರಡೂ ನಿಂತದ್ದು ಅದೇ ಇಂಗ್ಲಿಷ್ ಜಾಗಗಳ ಮೇಲೆ. ಒಂದೇ ಚಿಹ್ನೆ ಈ ಫಾಂಟಿನಲ್ಲಿ ಕನ್ನಡ, ಆ ಫಾಂಟಿನಲ್ಲಿ ದೇವನಾಗರಿ. ಎರಡೂ ಬೆರೆತ ಕಡತದಲ್ಲಿ ಯಾವ ಸಾಲು ಯಾವ ಭಾಷೆಯದೆಂದು ನೇರವಾಗಿ ಹೇಳುವ ಸಾಕ್ಷಿ ಫಾಂಟಿನ ಹೆಸರು. ಅದನ್ನು ಅಳಿಸಿ ಬರೀ ಪಠ್ಯ ಎತ್ತಿಕೊಂಡರೆ ಪರಿವರ್ತಕ ಊಹೆಯ ಮೇಲೆಯೇ ನಡೆಯಬೇಕು. ಆದ್ದರಿಂದ ಇಂದಿನ ಗೋಷ್ಠಿಗಳು ಪರಿವರ್ತಕಗಳ ಗುಣದೋಷಕ್ಕೆ ಇಳಿಯುವ ಮುನ್ನ, ಮೂಲ ಕಡತಗಳನ್ನು ಫಾಂಟಿನ ಹೆಸರು ಮತ್ತು ಫಾಂಟಿನ ಸಮೇತ ಯಾರು, ಎಲ್ಲಿ ಕಾಪಿಡಬೇಕು ಎಂಬುದನ್ನು ಮೊದಲು ತೀರ್ಮಾನಿಸಲಿ ಎಂದು ಕೋರುತ್ತೇನೆ.