ಖೋಲಿಗೆ ಬಣ್ಣ ಹಚ್ಚುವ ಲೆಕ್ಕ
(ನಮ್ಮ ಉಚಿತ ವಾಚನಾಲಯದ ಭಾನುವಾರದ ಸಭೆಯಲ್ಲಿ ಮುಂಬಯಿಯ ಸದಸ್ಯರೊಬ್ಬರು ಮಾಡಿದ ಭಾಷಣ)



ನಾನು ಬಣ್ಣದ ಕಸಬಿನವನಲ್ಲ, ಕಚೇರಿಯ ಗುಮಾಸ್ತ. ಹೀಗಿದ್ದೂ ಈ ವಿಷಯ ಮಾತಾಡಲು ಒಪ್ಪಿಕೊಂಡದ್ದು ಏಕೆಂದರೆ, ಇದರಲ್ಲಿ ನಾನು ಒಂಬತ್ತು ಸಾವಿರ ರೂಪಾಯಿ ಕಳೆದುಕೊಂಡಿದ್ದೇನೆ. ಅದೂ ಸೊಸೈಟಿಯ ಸಾಲದ ಹಣ. ಮಗಳನ್ನು ನೋಡಲು ಗಂಡಿನವರು ಬರುತ್ತಾರೆ, ಗೌರಿ-ಗಣೇಶ ಹಬ್ಬದ ಹೊತ್ತಿಗೆ ಗೋಡೆ ಬೆಳ್ಳಗಿರಲಿ ಎಂದು ಆಗಸ್ಟ್ ತಿಂಗಳಲ್ಲಿ, ಹೊರಗೆ ಧೋ ಎಂದು ಮಳೆ ಸುರಿಯುತ್ತಿರುವಾಗ, ಬಣ್ಣ ಹಚ್ಚಿಸಿದೆ. ಅಂಗಡಿಯವರು ಹೇಳಿದ ಮಿರುಗುವ ಪ್ಲಾಸ್ಟಿಕ್ ಇಮಲ್ಷನ್ನನ್ನೇ ತಂದೆ. ಬಂದವರು ಮೆಚ್ಚಿಕೊಂಡರು, ಸಂಬಂಧವೂ ಕುದುರಿತು. ಆದರೆ ದೀಪಾವಳಿಗೆ ಗೋಡೆಯ ಮೇಲೆ ಗುಳ್ಳೆ ಎದ್ದವು. ಮದುವೆಯ ಹೊತ್ತಿಗೆ ಹಪ್ಪಳದಂತೆ ಹಕ್ಕಳೆ ಹಕ್ಕಳೆಯಾಗಿ ಉದುರತೊಡಗಿತು. ಸಾಲದ ಕಂತು ಮಾತ್ರ ಉದುರಲಿಲ್ಲ.

ತಪ್ಪು ಬಣ್ಣದ್ದಲ್ಲ, ನನ್ನದು. ನಮ್ಮಲ್ಲಿ ಅನೇಕರು ವಿಜಯಪುರ, ಕಲಬುರಗಿ ಕಡೆಯವರು. ಆ ವಿಜಯಪುರದಲ್ಲಿ ವರ್ಷಕ್ಕೆ ಸುಮಾರು 600 ಮಿಲ್ಲಿಮೀಟರ್ ಮಳೆಯಾದರೆ ಈ ಮುಂಬಯಿಯಲ್ಲಿ 2000ಕ್ಕೂ ಮೀರಿ ಸುರಿಯುತ್ತದೆ, ಅದೂ ಹೆಚ್ಚಿನದು ಜೂನಿನಿಂದ ಸೆಪ್ಟೆಂಬರಿನ ನಾಲ್ಕೇ ತಿಂಗಳಲ್ಲಿ. ಮಂಗಳೂರು, ಉಡುಪಿ ಕಡೆಯಿಂದ ಬಂದವರಿಗೆ ಇದನ್ನು ಹೇಳಬೇಕಾಗಿಲ್ಲ. ಅವರ ಊರಿನ ಮಳೆ ಇದಕ್ಕಿಂತ ಜೋರು. ಇಟ್ಟಿಗೆ, ಗಾರೆ ಎರಡೂ ನೀರು ಹೀರುತ್ತವೆ. ಗೋಡೆಯೊಳಗಿನ ನೀರು ಹೊರಗೆ ಬರುವಾಗ ಗಾರೆಯಲ್ಲಿನ ಉಪ್ಪನ್ನೂ ಹೊತ್ತು ತರುತ್ತದೆ. ಆ ಉಪ್ಪೇ ಬಿಳಿಯ ಹೂವಿನಂತೆ ಗೋಡೆಯ ಮೇಲೆ ಅರಳುವುದು. ಮೇಲೆ ಇಮಲ್ಷನ್ನಿನ ಪೊರೆ ಬಿಗಿಯಾಗಿ ಕೂತಿದ್ದರೆ ನೀರಿಗೆ ಸಲೀಸಾದ ದಾರಿಯಿಲ್ಲ. ಅದು ಪೊರೆಯನ್ನೇ ಎತ್ತಿ ಹಾಕುತ್ತದೆ.

ಆದ್ದರಿಂದ ಡಬ್ಬಿ ಕೊಳ್ಳುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿರಿ. ನಮ್ಮ ಚಾಳಿನಲ್ಲಿ ಅದು ಮಳೆಯ ನೀರೊಂದೇ ಆಗಿರಲಿಲ್ಲ. ಮೇಲಿನ ಮನೆಯವರ ಮೋರಿ ಸೋರುತ್ತಿತ್ತು. ಹೋಗಿ ಜಗಳವಾಡುವ ಬದಲು ಖರ್ಚಿನಲ್ಲಿ ಅರ್ಧ ನಾನು ಕೊಡುತ್ತೇನೆ ಎಂದೆ. ಮರುದಿನವೇ ಗೌಂಡಿ ಬಂದ. ಹೊರಗೋಡೆಯ ಬಿರುಕು ಮನೆಮಾಲಿಕರ ಪಾಲಿನದು. ಅದಕ್ಕೆ ಬಾಯಿಮಾತು ಸಾಲದು, ಬರೆದು ಕೊಟ್ಟು ನಕಲು ಇಟ್ಟುಕೊಳ್ಳಿರಿ.

ಗೋಡೆ ಒಣಗಿದೆಯೇ ಎಂದು ನೋಡಲು ಒಂದು ಸುಲಭದ ಉಪಾಯ. ಒಂದು ಚದರಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಪಟ್ಟಿಯಿಂದ ಗೋಡೆಗೆ ಅಂಟಿಸಿ ಒಂದು ದಿನ ಬಿಡಿರಿ. ತೆಗೆದಾಗ ಒಳಮೈಯಲ್ಲಿ ನೀರಿನ ಹನಿ ಕಂಡರೆ ಇನ್ನೂ ಕಾಯಬೇಕು. ಎರಡನೆಯ ಸಲ ನಾನು ಡಿಸೆಂಬರ್‌ವರೆಗೆ ಕಾದೆ. ಹಬ್ಬಕ್ಕೆ ಗೋಡೆ ಹಳೆಯದೇ ಇತ್ತು. ಗಣಪತಿ ಏನೂ ಬೇಸರಿಸಲಿಲ್ಲ.

ಕಪ್ಪು ಬೂಷ್ಟು ಹಿಡಿದ ಗೋಡೆಯನ್ನು ಒಣ ಬಟ್ಟೆಯಿಂದ ಕೊಡವಬೇಡಿರಿ, ಧೂಳು ಎದೆಗೆ ಹೋಗುತ್ತದೆ. ಉಬ್ಬಸವಿರುವ ಮಕ್ಕಳಿದ್ದರಂತೂ ಬೇಡವೇ ಬೇಡ. ಬ್ಲೀಚಿಂಗ್ ಪುಡಿ ಕಲಸಿದ ನೀರಿನಿಂದ ಒರೆಸಿ, ತೊಳೆದು, ಒಣಗಲು ಬಿಡಿರಿ. ಕಿಟಕಿ ತೆರೆದಿರಲಿ. ಅದರ ಜೊತೆಗೆ ಪಾಯಖಾನೆಯ ಆಸಿಡ್ ಸೇರಿಸಿದರೆ ವಿಷದ ಗಾಳಿ ಏಳುತ್ತದೆ.

ಇನ್ನು ಯಾವ ಬಣ್ಣ? ಬಡವನ ಬಣ್ಣವೆಂದು ಸುಣ್ಣವನ್ನು ಹಗುರವಾಗಿ ಕಾಣುವುದು ನನಗೆ ಸರಿಯೆನಿಸುವುದಿಲ್ಲ. ಅದು ಗೋಡೆಯ ತೇವವನ್ನು ತಡೆಯದೆ ಹೊರಗೆ ಬಿಡುತ್ತದೆ. ಅದರ ಕ್ಷಾರಕ್ಕೆ ಬೂಷ್ಟೂ ಬೇಗ ಹತ್ತುವುದಿಲ್ಲ. ಸುಟ್ಟ ಸುಣ್ಣವನ್ನು ಒಂದು ದಿನ ನೀರಿನಲ್ಲಿ ಅರಳಿಸಿ, ಸೋಸಿ, ಅಂಟು ಸೇರಿಸಿ, ಚಿಟಿಕೆ ನೀಲಿ ಹಾಕಿದರೆ ಕಣ್ಣಿಗೆ ತಂಪು. ಅರಳಿಸುವಾಗ ಅದು ಕುದಿಯುತ್ತದೆ, ಮಕ್ಕಳನ್ನು ದೂರವಿಡಿರಿ. ಕಣ್ಣಿಗೆ ಸಿಡಿದರೆ ಅಪಾಯ. ಅಂಗಿಗೆ ಹತ್ತುತ್ತದೆ, ವರ್ಷ ಎರಡು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು, ಇದು ಅದರ ದೋಷ. ಡಿಸ್ಟೆಂಪರ್ ನಡುವಿನದು, ಅಕ್ರಿಲಿಕ್ ಜಾತಿಯದಾದರೆ ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಬಹುದು. ಇಮಲ್ಷನ್ ತೊಳೆಯಲು ಬರುತ್ತದೆ, ಅಡಿಗೆಯ ಮೂಲೆಗೆ ಅದೇ ಮೇಲು. ಆದರೆ ಹಳೆಯ ಸುಣ್ಣದ ಮೇಲೆ ಹಾಗೆಯೇ ಬಳಿದರೆ ನಿಲ್ಲದು. ಕೆರೆದು ತೆಗೆದು, ಪ್ರೈಮರ್ ಕೊಟ್ಟು, ಆಮೇಲೆ. ತೇವದ ಗೋಡೆಗೆ ಚಾಕ್ ಪುಡಿಯ ಪುಟ್ಟಿ ಬೇಡ, ಬಿಳಿ ಸಿಮೆಂಟಿನದು ಇರಲಿ.

ಲೆಕ್ಕಕ್ಕೆ ಬರೋಣ. ನನ್ನ ಖೋಲಿ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ. ನಾಲ್ಕು ಗೋಡೆಯ ಸುತ್ತಳತೆ 44 ಅಡಿ, ಎತ್ತರದಿಂದ ಗುಣಿಸಿದರೆ 440 ಚದರಡಿ. ಬಾಗಿಲು 21, ಕಿಟಕಿ 16 ಕಳೆದರೆ ಸುಮಾರು 400. ನಾನು ತಂದ ಡಬ್ಬಿಯ ಮೇಲೆ ಲೀಟರಿಗೆ ಒಂದು ಕೋಟು 100 ಚದರಡಿ ಎಂದಿತ್ತು. ಎರಡು ಕೋಟಿಗೆ 8 ಲೀಟರ್. ಹಳೆಯ ಗೋಡೆ ಹೆಚ್ಚು ಕುಡಿಯುತ್ತದೆಂದು ಇನ್ನೊಂದು ಸೇರಿಸಿ 9. ಪೇಂಟರ್ ಚೀಟಿಯಲ್ಲಿ ಬರೆದದ್ದು 12! ಅವನನ್ನು ಕಳ್ಳನೆನ್ನಲಾರೆ, ಕಣ್ಣಳತೆಯಲ್ಲಿ ಹೇಳಿದ. ಕೆಲವು ಡಬ್ಬಿಗಳೊಳಗೆ ಪೇಂಟರಿಗೆಂದೇ ಇನಾಮಿನ ಕೂಪನ್ ಇರುತ್ತದೆಂಬುದನ್ನೂ ತಿಳಿದಿರಿ.

ಎರಡನೆಯ ಸಲದ ಖರ್ಚು ಹೀಗೆ: ಕೂಲಿ 7,500, ಪುಟ್ಟಿ ಮತ್ತು ಪ್ರೈಮರ್ 2,500, ಬಣ್ಣ 3,000, ಬ್ರಶ್ಶು, ಸ್ಯಾಂಡ್ ಪೇಪರ್, ಬಾಗಿಲಿನ ಎಣ್ಣೆಬಣ್ಣ ಎಲ್ಲ ಸೇರಿ 1,000, ಒಟ್ಟು 14,000 ರೂಪಾಯಿ. ಮೋರಿಯ ಪಾಲು ಬೇರೆ. ನೋಡಿರಿ, ಬಣ್ಣಕ್ಕೆ ಹೋದದ್ದು ಕಾಲು ಪಾಲೂ ಅಲ್ಲ. ಅಗ್ಗದ ಡಬ್ಬಿ ತಂದು 500 ಉಳಿಸಿದರೆ ಎರಡು ವರ್ಷದಲ್ಲಿ ಆ 7,500ನ್ನು ಮತ್ತೆ ತೆರಬೇಕಾದೀತು. ಹಾಗೆಂದು ಸಾಲ ಮಾಡಬೇಡಿರಿ. ನಾನು ತಿಂಗಳಿಗೆ 1,000ದಂತೆ ತೆಗೆದಿಟ್ಟೆ, ಹದಿನಾಲ್ಕು ತಿಂಗಳಾಯಿತು. ಅಷ್ಟು ಕೈಯಲ್ಲಿಲ್ಲದವರು ಈ ವರ್ಷ ಸೋರುವುದನ್ನು ನಿಲ್ಲಿಸಿ ಸುಣ್ಣ ಬಳಿಯಿರಿ, ನಷ್ಟವೇನಿಲ್ಲ.

ಬಾಗಿಲಿನ ಹಳೆಯ ಎಣ್ಣೆಬಣ್ಣದ ಬಗ್ಗೆ ಒಂದು ಮಾತು. ಮನೆಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂದು 2016ರಲ್ಲಿ ಕೇಂದ್ರ ಸರಕಾರ ನಿಯಮ ಮಾಡಿ, 2017ರ ನವೆಂಬರಿನಿಂದ ಜಾರಿಗೆ ತಂದಿತು. ಅದಕ್ಕೂ ಹಿಂದಿನ ಬಣ್ಣದಲ್ಲಿ ಹೆಚ್ಚು ಸೀಸ ಇದ್ದಿರಬಹುದು. ಆ ಧೂಳು ಮಕ್ಕಳ ಬುದ್ಧಿ ಬೆಳವಣಿಗೆಗೆ ಕೇಡು. ಒಣಗಿದ್ದಾಗ ಉಜ್ಜದೆ ನೀರು ಹಚ್ಚಿ ಉಜ್ಜಿಸಿರಿ, ಮಕ್ಕಳನ್ನು ಆ ದಿನ ನೆರೆಮನೆಗೆ ಕಳಿಸಿರಿ.

ಬಣ್ಣದ ಛಾಯೆ ನಿಮ್ಮ ಮನೆಯವರ ಇಷ್ಟ. ಬೆಳಕು ಕಡಿಮೆಯಿರುವ ಖೋಲಿಗೆ ತಿಳಿಬಣ್ಣವಾದರೆ ಹಗಲು ದೀಪ ಹಾಕುವುದು ತಪ್ಪೀತು. ಎಲ್ಲ ಡಬ್ಬಿಗಳೂ ಒಂದೇ ಬ್ಯಾಚಿನವೇ ಎಂದು ನೋಡಿ ತನ್ನಿರಿ. ಉಳಿದದ್ದನ್ನು ಬಾಟಲಿಯಲ್ಲಿ ಮುಚ್ಚಿಟ್ಟು, ಛಾಯೆಯ ಸಂಖ್ಯೆಯನ್ನು ಮೇಲೆ ಬರೆದಿಡಿರಿ. ನನ್ನಲ್ಲಿ ಅಳತೆಯ ಟೇಪು ಇದೆ. ಬೇಕಾದವರು ಭಾನುವಾರ ಸಂಜೆ ಇಲ್ಲಿ ವಾಚನಾಲಯದಲ್ಲಿ ಕೇಳಿದರೆ ಕೊಡುತ್ತೇನೆ. ಖೋಲಿಯ ಅಳತೆ ಬರೆದು ತಂದರೆ ಜೊತೆಗೆ ಕೂತು ಲೆಕ್ಕವನ್ನೂ ಹಾಕೋಣ.