ಸೊಂಟದ ಕೀಲು: ಮೂಳೆಗಿಂತ ಮೊದಲು ಸ್ನಾಯು

ಸೊಂಟದ ಕೀಲನ್ನು ಕಲಿಸುವ ಕ್ರಮ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಮೊದಲು ಶ್ರೋಣಿಯ ಬಟ್ಟಲು, ಅದರಲ್ಲಿ ಕೂರುವ ತೊಡೆಮೂಳೆಯ ಗುಂಡುತಲೆ. ಆಮೇಲೆ ಬಟ್ಟಲಿನ ಅಂಚನ್ನು ಸುತ್ತುವ ಲೇಬ್ರಮ್, ಕೀಲುಚೀಲ, ಅಸ್ಥಿರಜ್ಜುಗಳು, ರಕ್ತನಾಳಗಳು. ಸ್ನಾಯುಗಳು ಬರುವುದು ಕೊನೆಗೆ, ಅದೂ ಒಂದು ಪಟ್ಟಿಯಾಗಿ: ಎಲ್ಲಿ ಹುಟ್ಟುತ್ತದೆ, ಎಲ್ಲಿ ಅಂಟುತ್ತದೆ, ಯಾವ ನರ, ಏನು ಕೆಲಸ. ಪಟ್ಟಿ ಬಾಯಿಪಾಠವಾಗುತ್ತದೆ, ಪರೀಕ್ಷೆಯ ಮರುದಿನ ಮರೆತೂ ಹೋಗುತ್ತದೆ. ಈ ಕ್ರಮ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಈ ಕೀಲಿನ ಮೇಲೆ ಬೀಳುವ ಭಾರ, ಅದರ ಆಕಾರ, ಅದು ಕೆಟ್ಟಾಗ ಕಾಣುವ ಲಕ್ಷಣ, ಎಲ್ಲವೂ ಅರ್ಥವಾಗುವುದು ಸ್ನಾಯುಗಳಿಂದ. ಅದರಲ್ಲೂ ಪಕ್ಕದಲ್ಲಿರುವ ಗ್ಲೂಟಿಯಸ್ ಮೀಡಿಯಸ್ ಮತ್ತು ಗ್ಲೂಟಿಯಸ್ ಮಿನಿಮಸ್ ಎಂಬ ಜೋಡಿಯಿಂದ.

ನಿಂತಿರುವ ಮನುಷ್ಯ ಒಂದು ಕಾಲನ್ನು ನೆಲದಿಂದ ಎತ್ತಿದ ಕ್ಷಣವನ್ನು ಗಮನಿಸೋಣ. ನಡೆಯುವಾಗ ಸುಮಾರು ಐದರಲ್ಲಿ ನಾಲ್ಕು ಪಾಲು ಸಮಯ ದೇಹ ಇರುವುದು ಒಂದೇ ಕಾಲಿನ ಮೇಲೆ. ಹಾಗಾಗಿ ಇದು ಅಪರೂಪದ ಭಂಗಿಯಲ್ಲ, ನಡಿಗೆಯೇ ಇದು. ಆಗ ಸೊಂಟದ ಕೀಲು ತೋಳುಗಳು ಸಮವಿಲ್ಲದ ತಕ್ಕಡಿಯಾಗುತ್ತದೆ. ಒಳಬದಿಯಲ್ಲಿ ದೇಹದ ಭಾರ ಕೀಲಿನಿಂದ ದೂರದಲ್ಲಿ ಜಗ್ಗುತ್ತದೆ. ಹೊರಬದಿಯಲ್ಲಿ ಈ ಎರಡು ಸ್ನಾಯುಗಳು ಕೀಲಿಗೆ ತೀರ ಹತ್ತಿರದಿಂದ ಎಳೆದು ಅದನ್ನು ಸರಿದೂಗಿಸಬೇಕು. ಅರವತ್ತು ಕಿಲೋ ತೂಕದವರಲ್ಲಿ ಊರಿದ ಕಾಲನ್ನು ಬಿಟ್ಟರೆ ಸುಮಾರು 50 ಕಿಲೋ ಕೀಲಿನ ಮೇಲಿರುತ್ತದೆ. ಭಾರದ ತೋಳು ಸ್ನಾಯುವಿನ ತೋಳಿನ ಎರಡೇ ಪಟ್ಟು ಎಂದಿಟ್ಟುಕೊಂಡರೂ ಸ್ನಾಯು 100 ಕಿಲೋ ಬಲದಿಂದ ಎಳೆಯಬೇಕು. ಎರಡೂ ಸೇರಿ ತೊಡೆಮೂಳೆಯ ತಲೆಯ ಮೇಲೆ ಬೀಳುವುದು 150 ಕಿಲೋ, ಅಂದರೆ ದೇಹತೂಕದ ಎರಡೂವರೆ ಪಟ್ಟು. ಈ ಬಗೆಯ ಲೆಕ್ಕವನ್ನು ಜರ್ಮನಿಯ ಫ್ರೀಡ್ರಿಶ್ ಪೌವೆಲ್ಸ್ 1930ರ ದಶಕದಲ್ಲೇ ಮಾಡಿ ತೋರಿಸಿದ್ದರು. ಮುಂದೆ ಬರ್ಲಿನ್‌ನ ಗೆಯೋರ್ಗ್ ಬೆರ್ಗ್‌ಮನ್ ಮತ್ತು ಸಂಗಡಿಗರು ಕೃತಕ ಕೀಲಿನ ಒಳಗೇ ಅಳತೆಯ ಸಾಧನ ಇರಿಸಿ ನೋಡಿದಾಗ ಸಾಮಾನ್ಯ ನಡಿಗೆಯಲ್ಲಿ ಸಿಕ್ಕಿದ್ದೂ ಸುಮಾರು ಎರಡೂವರೆ ಪಟ್ಟೇ. ಎಡವಿದಾಗ ಅದು ಏಳು ಪಟ್ಟನ್ನೂ ದಾಟಿತು. ಎಡವಿದವರ ತೂಕವೇನೂ ಆ ಕ್ಷಣಕ್ಕೆ ಏರಿರುವುದಿಲ್ಲ. ಬೀಳುವ ದೇಹವನ್ನು ಹಿಡಿಯಲು ಸ್ನಾಯುಗಳು ಒಮ್ಮೆಲೇ ಬಿಗಿದುಕೊಂಡ ರಭಸ ಆ ಅಂಕಿಯ ಹಿಂದಿದೆ.

ಪಕ್ಕದ ಸ್ನಾಯುಗಳ ಈ ಪಾತ್ರವನ್ನು ಹಾಸಿಗೆಯ ಪಕ್ಕದ ಪರೀಕ್ಷೆಯಿಂದ ಮೊದಲು ಕಂಡವರು ಫ್ರೀಡ್ರಿಶ್ ಟ್ರೆಂಡೆಲೆನ್‌ಬರ್ಗ್. ಹುಟ್ಟಿನಿಂದಲೇ ಸೊಂಟದ ಕೀಲು ತಪ್ಪಿದ ಮಕ್ಕಳು ಓಲಾಡುತ್ತ ನಡೆಯುವುದಕ್ಕೆ ತೊಡೆಮೂಳೆಯ ತಲೆ ಶ್ರೋಣಿಗೆ ತಾಗಿ ಮೇಲೆ ಕೆಳಗೆ ಜಾರುವುದೇ ಕಾರಣವೆಂದು ಅಂದಿನವರು ನಂಬಿದ್ದರು. ಟ್ರೆಂಡೆಲೆನ್‌ಬರ್ಗ್ ರೋಗಿಗಳನ್ನು ಒಂಟಿ ಕಾಲಿನ ಮೇಲೆ ನಿಲ್ಲಿಸಿ ಹಿಂದಿನಿಂದ ನೋಡಿದರು. ಎತ್ತಿದ ಕಾಲಿನ ಬದಿಗೆ ಶ್ರೋಣಿ ಕುಸಿಯುತ್ತಿತ್ತು. ಕೀಲು ತಪ್ಪಿರದ, ಸ್ನಾಯು ಸವೆದ ರೋಗಿಗಳಲ್ಲೂ ಅದೇ ಓಲಾಟ ಕಂಡಾಗ ಉತ್ತರ ಸ್ಪಷ್ಟವಾಯಿತು: ಸೋತದ್ದು ಪಕ್ಕದ ಸ್ನಾಯು. ಅವರು ಇದನ್ನು ಪ್ರಕಟಿಸಿದ್ದು 1895ರಲ್ಲಿ. ರಾಂಟ್‌ಜೆನ್ ಎಕ್ಸ್-ರೇ ಕಂಡುಹಿಡಿದದ್ದು ಅದೇ ವರ್ಷದ ಕೊನೆಗೆ. ಮೂಳೆಯ ಚಿತ್ರ ಸುಲಭವಾಗಿ ಸಿಗತೊಡಗಿದ ಮೇಲೆ, ನಿಲ್ಲಿಸಿ ನೋಡುವ ಆ ಅಭ್ಯಾಸ ಹಿಂದೆ ಸರಿದದ್ದು ನಮ್ಮ ವೃತ್ತಿಗೆ ಆದ ನಷ್ಟ ಎಂದೇ ನಾನು ಭಾವಿಸುತ್ತೇನೆ.

ಮೂಳೆಯ ಆಕಾರವೂ ಇದೇ ಸಾಕ್ಷ್ಯ ನುಡಿಯುತ್ತದೆ. ಚಿಂಪಾಂಜಿಯ ಶ್ರೋಣಿಯ ರೆಕ್ಕೆ ಎತ್ತರವಾಗಿ ಬೆನ್ನಿನ ಕಡೆ ಹರಡಿರುವುದರಿಂದ ಈ ಸ್ನಾಯುಗಳು ಕೀಲಿನ ಹಿಂದೆ ಬೀಳುತ್ತವೆ. ಮನುಷ್ಯನಲ್ಲಿ ಆ ರೆಕ್ಕೆ ಗಿಡ್ಡವಾಗಿ ಪಕ್ಕಕ್ಕೆ ಬಾಗಿದೆ. ಸ್ನಾಯು ಕೀಲಿನ ಪಕ್ಕಕ್ಕೆ ಬಂದಿದೆ. ಇಥಿಯೋಪಿಯಾದ ಹದಾರ್‌ನಲ್ಲಿ 1974ರಲ್ಲಿ ಸಿಕ್ಕ, ಸುಮಾರು 32 ಲಕ್ಷ ವರ್ಷ ಹಳೆಯ ‘ಲೂಸಿ’ ಎಂಬ ಪಳೆಯುಳಿಕೆಯಲ್ಲಿ ಆಗಲೇ ಗಿಡ್ಡವಾದ, ಅಗಲವಾದ ರೆಕ್ಕೆ ಇದೆ. ಮಿದುಳು ದೊಡ್ಡದಾಗುವ ಎಷ್ಟೋ ಮೊದಲೇ ಈ ಬದಲಾವಣೆ ನಡೆದಿತ್ತು.

ಆಕ್ಷೇಪಗಳು ಇಲ್ಲದಿಲ್ಲ. ಮೊದಲನೆಯದು: ಈ ಕೀಲಿನ ಭದ್ರತೆ ಆಳವಾದ ಬಟ್ಟಲಿನಿಂದ ಮತ್ತು ರಜ್ಜುಗಳಿಂದ ಬರುತ್ತದೆಯಲ್ಲವೇ? ನಿಜ. ಮುಂಭಾಗದ ಇಲಿಯೋಫಿಮೊರಲ್ ರಜ್ಜು ದೇಹದಲ್ಲೇ ಅತಿ ಬಲವಾದದ್ದು. ಎರಡೂ ಕಾಲೂರಿ ನೆಟ್ಟಗೆ ನಿಂತಾಗ ಅದು ಬಿಗಿದು ಸ್ನಾಯುಗಳಿಗೆ ಬಿಡುವು ಕೊಡುತ್ತದೆ. ಆದರೆ ಪಕ್ಕಕ್ಕೆ ವಾಲುವ ಶ್ರೋಣಿಯನ್ನು ಅದು ಸಮವಾಗಿ ಹಿಡಿದಿಡಲಾರದು. ಕೀಲು ಜಾರದಂತೆ ಕಾಯುವುದು ಒಂದು ಕೆಲಸ, ಹೆಜ್ಜೆಹೆಜ್ಜೆಗೂ ದೇಹವನ್ನು ಸರಿದೂಗಿಸುವುದು ಇನ್ನೊಂದು. ಎರಡನೆಯದು: ಸವೆದ ಕೀಲನ್ನು ಬದಲಿಸಿದರೆ ನೋವು ಹೋಗುತ್ತದೆ, ಸ್ನಾಯುವಿನ ಮಾತೇಕೆ? ಆಧುನಿಕ ಕೀಲು ಬದಲಾವಣೆಗೆ ಅಡಿಪಾಯ ಹಾಕಿದ ಜಾನ್ ಚಾರ್ನ್ಲಿಯವರನ್ನೇ ಇಲ್ಲಿ ಸಾಕ್ಷಿಗೆ ಕರೆಯಬಹುದು. 1960ರ ದಶಕದಲ್ಲಿ ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಅವರು ಬಟ್ಟಲನ್ನು ಒಳಕ್ಕೆ ಸರಿಸಿ, ಸ್ನಾಯು ಅಂಟಿದ ಮೂಳೆತುಂಡನ್ನು ಹೊರಕ್ಕೆ ಕೂರಿಸುತ್ತಿದ್ದರು. ಸ್ನಾಯುವಿನ ತೋಳು ಉದ್ದವಾದರೆ ಹೊಸ ಕೀಲಿನ ಮೇಲಿನ ಹೊರೆ ಇಳಿಯುತ್ತದೆ ಎಂಬುದು ಅವರ ಲೆಕ್ಕ. ಇದಕ್ಕೆ ವಿರುದ್ಧವಾಗಿ, ಪಕ್ಕದಿಂದ ಕೊಯ್ಯುವಾಗ ಸ್ನಾಯುವನ್ನು ಅತಿಯಾಗಿ ಮೇಲಕ್ಕೆ ಸೀಳಿದರೆ ಸುಪೀರಿಯರ್ ಗ್ಲೂಟಿಯಲ್ ನರಕ್ಕೆ ಪೆಟ್ಟಾಗುತ್ತದೆ. ಆಗ ಎಕ್ಸ್-ರೇ ಸುಂದರವಾಗಿ ಕಾಣುತ್ತದೆ, ರೋಗಿ ಕುಂಟುತ್ತಾರೆ.

ಮೂರನೆಯ ಆಕ್ಷೇಪ ನಮ್ಮ ಮಲೆನಾಡಿನಿಂದಲೇ ಬರುತ್ತದೆ, ಮತ್ತು ಅದು ಭಾರವಾದದ್ದು. 1970ರ ದಶಕದಲ್ಲಿ ಸಾಗರ ತಾಲ್ಲೂಕಿನಲ್ಲಿ ಬೆಳಕಿಗೆ ಬಂದ ಹಂದಿಗೋಡು ಕಾಯಿಲೆ ಸೊಂಟದ ಕೀಲುಗಳನ್ನೇ ಹಿಡಿಯುತ್ತದೆ, ಬಡ ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆ. ತೀವ್ರವಾದಾಗ ನೆಟ್ಟಗೆ ನಿಲ್ಲುವುದೂ ಆಗುವುದಿಲ್ಲ. ಅಲ್ಲಿ ದೋಷ ಇರುವುದು ಮೂಳೆಯ ಬೆಳವಣಿಗೆಯಲ್ಲಿ. ಯಾವ ವ್ಯಾಯಾಮವೂ ಅದನ್ನು ಗುಣಪಡಿಸದು. ಇದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ನಾನು ಹೇಳುತ್ತಿರುವುದು ಮೂಳೆ ಮುಖ್ಯವಲ್ಲವೆಂದಲ್ಲ. ತೊಡೆಮೂಳೆಯ ತಲೆ, ಕತ್ತು ವಿರೂಪವಾದಾಗ ಸ್ನಾಯುವಿನ ಎರಡು ತುದಿಗಳು ಹತ್ತಿರ ಬಂದು ಅದರ ಎಳೆತ ಸಡಿಲಾಗುತ್ತದೆ. ಮೂಳೆಯ ಕೇಡು ನಡಿಗೆಯ ಕೇಡಾಗುವುದು ಹಲವು ಸಲ ಈ ದಾರಿಯಿಂದಲೇ.

ಕೊನೆಯ ಆಕ್ಷೇಪ ಜಾಣತನದ್ದು: ಹೊರೆಯ ಬಹುಪಾಲು ಸ್ನಾಯುವಿನದೇ ಆದರೆ, ಸ್ನಾಯು ದುರ್ಬಲವಾದಷ್ಟೂ ಕೀಲಿಗೆ ಒಳ್ಳೆಯದಲ್ಲವೇ? ಎಳೆಯಲಾರದ ಸ್ನಾಯು ಇರುವವರು ಪ್ರತಿ ಹೆಜ್ಜೆಗೂ ಮುಂಡವನ್ನೇ ಆ ಬದಿಗೆ ವಾಲಿಸಿ ನಡೆಯುತ್ತಾರೆ. ಕೀಲಿನ ಹೊರೆ ಕಡಿಮೆಯಾಗುತ್ತದೆ, ಹೌದು. ಆದರೆ ನಡಿಗೆ ದಣಿಸುತ್ತದೆ, ಬೆನ್ನು ತಿರುಚುತ್ತದೆ, ಮುಪ್ಪಿನಲ್ಲಿ ಬೀಳುವ ಭಯ ಹೆಚ್ಚುತ್ತದೆ. ಹೊರೆ ಇಳಿಸಲು ಇದಕ್ಕಿಂತ ಒಳ್ಳೆಯ ದಾರಿ ಊರುಗೋಲು, ಅದೂ ನೋವಿಲ್ಲದ ಬದಿಯ ಕೈಯಲ್ಲಿ. ಅಲ್ಲಿ ಊರಿದ ಸಣ್ಣ ಒತ್ತಡ ಉದ್ದ ತೋಳಿನಿಂದ ಕೆಲಸ ಮಾಡಿ ಸ್ನಾಯುವಿನ ದೊಡ್ಡ ಎಳೆತವನ್ನು ಉಳಿಸುತ್ತದೆ. ಇಷ್ಟು ಸರಳವಾದದ್ದನ್ನು ಬಿಡಿಸಿ ಹೇಳುವವರಿಲ್ಲದೆ, ನೋಯುವ ಬದಿಯಲ್ಲೇ ಕೋಲು ಹಿಡಿಯುವ ಹಿರಿಯರು ಎಷ್ಟೋ ಮಂದಿ.

ನೆಲದ ಮೇಲೆ ಚಕ್ಕಳಮಕ್ಕಳ ಕೂರುವ, ಕುಕ್ಕರಗಾಲಿನಲ್ಲಿ ಕೆಲಸ ಮಾಡುವ, ನೆಲದಿಂದ ಎದ್ದು ನಿಲ್ಲುವ ಜನ ನಮ್ಮವರು. ಹಾಗೆ ಏಳುವಾಗ ದುಡಿಯುವುದು ಗ್ಲೂಟಿಯಸ್ ಮ್ಯಾಕ್ಸಿಮಸ್, ಕೂತಾಗ ತೊಡೆಯನ್ನು ಹೊರಕ್ಕೆ ತಿರುಗಿಸುವುದು ಅದರಡಿಯ ಪುಟ್ಟ ಸ್ನಾಯುಗಳು. ಮುಂದಿನ ಗೋಷ್ಠಿಗಳಲ್ಲಿ ಶಸ್ತ್ರಕ್ರಿಯೆ, ಮೂಳೆಮುರಿತ, ಪುನಶ್ಚೇತನ ಎಲ್ಲವೂ ಚರ್ಚೆಗೆ ಬರಲಿವೆ. ಪ್ರತಿಯೊಂದರಲ್ಲೂ ಈ ಸ್ನಾಯುಗಳಿಗೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಕೇಳಬೇಕೆಂದು ಕೋರುತ್ತೇನೆ. ಅಧ್ಯಾಪಕರಲ್ಲಿ ಇನ್ನೊಂದು ವಿನಂತಿ: ಬರುವ ವರ್ಷದ ಮೊದಲ ಸೊಂಟದ ಪಾಠವನ್ನು ಮೂಳೆ ಕೈಗೆ ಕೊಡುವ ಮೊದಲು, ವಿದ್ಯಾರ್ಥಿಯನ್ನು ಒಂಟಿ ಕಾಲಿನ ಮೇಲೆ ನಿಲ್ಲಿಸಿ, ಪಕ್ಕದಲ್ಲಿ ಗಟ್ಟಿಯಾಗುವ ಸ್ನಾಯುವನ್ನು ಅವರ ಕೈಯಿಂದಲೇ ಮುಟ್ಟಿಸಿ ಶುರುಮಾಡಿ.