ಅಂಗಾಲಿನ ಗಾಜು



ಇವತ್ತಿನ ಮಾತನ್ನು ಎರಡು ಪಾದಗಳಿಂದ ಶುರು ಮಾಡುತ್ತೇನೆ. 1988ರ ‘ಡೈ ಹಾರ್ಡ್’ ನೋಡಿದವರಿಗೆ ಅವು ಮರೆತಿರಲಾರವು. ನ್ಯೂಯಾರ್ಕಿನ ಪೊಲೀಸ್ ಜಾನ್ ಮೆಕ್ಲೇನ್, ದೂರವಾಗುತ್ತಿರುವ ಹೆಂಡತಿಯನ್ನು ಕಾಣಲು ಕ್ರಿಸ್‌ಮಸ್ ಹೊತ್ತಿಗೆ ಲಾಸ್ ಏಂಜಲೀಸ್‌ಗೆ ಬಂದಿದ್ದಾನೆ. ಪ್ರಯಾಣದ ದಣಿವಿಗೆ ಬೂಟು ಕಳಚಿದ್ದಾನೆ. ಅಷ್ಟರಲ್ಲಿ ಬಂದೂಕು ಹಿಡಿದವರು ಅವನಿರುವ ಕಟ್ಟಡಕ್ಕೆ ನುಗ್ಗುತ್ತಾರೆ. ಬರಿಗಾಲಲ್ಲೇ ಓಟ. ಖಳ ಹಾನ್ಸ್ ಗ್ರೂಬರ್ ಅದನ್ನು ಗಮನಿಸಿ, ಗಾಜಿಗೆ ಗುಂಡು ಹೊಡೆಸುತ್ತಾನೆ. ಮೆಕ್ಲೇನ್ ಬಾತ್‌ರೂಮಿನಲ್ಲಿ ಕೂತು ಅಂಗಾಲಿನ ಚೂರು ಕೀಳುತ್ತಾ, ಇನ್ನೂ ಮುಖ ಕಾಣದ ಒಬ್ಬ ಪೊಲೀಸನಿಗೆ ವಾಕಿಟಾಕಿಯಲ್ಲಿ ಹೇಳುತ್ತಾನೆ: ನಾನು ತಪ್ಪು ಮಾಡಿದೆನೆಂದು ನನ್ನ ಹೆಂಡತಿಗೆ ತಿಳಿಸು ಎಂದು. ಚಿತ್ರದ ಜೀವವಿರುವುದು ಅಲ್ಲಿ. ನೋವಾಗುವ ಮೈಗೆ ಮಾತ್ರ ಧೈರ್ಯ ಎಂಬ ಮಾತು ಒಪ್ಪುತ್ತದೆ.

ಆಮೇಲೆ ಬಂದ ಉತ್ತರಭಾಗಗಳಲ್ಲಿ ಜಾಗ ಹಿಗ್ಗುತ್ತಾ ಹೋಯಿತು. 1990ರಲ್ಲಿ ವಿಮಾನ ನಿಲ್ದಾಣ, 1995ರಲ್ಲಿ ಇಡೀ ನ್ಯೂಯಾರ್ಕ್, 2007ರಲ್ಲಿ ಅಮೆರಿಕದ ಸಂಚಾರ, ವಿದ್ಯುತ್ತಿನ ಜಾಲ, ಜೊತೆಗೊಂದು ಫೈಟರ್ ಜೆಟ್. 2013ರಲ್ಲಿ ರಷ್ಯಾ. ಜಾಗ ಹಿಗ್ಗಿದಷ್ಟೂ ಮನುಷ್ಯ ಕುಗ್ಗಿದ.

ಐದನೆಯ ಚಿತ್ರ ‘ಎ ಗುಡ್ ಡೇ ಟು ಡೈ ಹಾರ್ಡ್’ನಲ್ಲಿ ಮೆಕ್ಲೇನ್, ಸಿಐಎ ಏಜೆಂಟನಾದ ಮಗನೊಡನೆ ಗಾಜು ಒಡೆದುಕೊಂಡು ಎತ್ತರದಿಂದ ಬೀಳುತ್ತಾನೆ; ಎದ್ದು ನಡೆಯುತ್ತಾನೆ. ಮೊದಲ ಚಿತ್ರದಲ್ಲಿ ಸೊಂಟಕ್ಕೆ ಬೆಂಕಿ ಆರಿಸುವ ಪೈಪು ಕಟ್ಟಿಕೊಂಡು ತಾರಸಿಯಿಂದ ಹಾರುವಾಗ ದೇವರಿಗೆ ಮೊರೆಯಿಟ್ಟವನು ಇವನೇ. ಚೆರ್ನೋಬಿಲ್‌ನಲ್ಲಂತೂ ಯಾವುದೋ ಅನಿಲ ಸಿಂಪಡಿಸಿದರೆ ವಿಕಿರಣವೇ ಮಾಯ. ನೋವು, ಭಯ, ವಿಷ, ಯಾವುದೂ ಯಾರಿಗೂ ತಟ್ಟುವುದಿಲ್ಲ.

ಒಂದು ವಿಚಿತ್ರ ನೋಡಿ. ಮೊದಲ ಎರಡು ಚಿತ್ರಗಳು ಬೇರೆ ಬೇರೆ ಲೇಖಕರ ಕಾದಂಬರಿಗಳಿಂದ ಬಂದವು. ಮೂರನೆಯದು ಬೇರಾವುದಕ್ಕೋ ಬರೆದ ಚಿತ್ರಕಥೆಯಿಂದ. ನಾಲ್ಕನೆಯದು ಪತ್ರಿಕಾ ಲೇಖನದಿಂದ. ‘ಡೈ ಹಾರ್ಡ್’ ಎಂದೇ ಹೊಸದಾಗಿ ಬರೆಸಿದ್ದು ಐದನೆಯದೊಂದನ್ನೇ. ಸಾಕಿಕೊಂಡ ಮಕ್ಕಳು ಮನೆತನ ಉಳಿಸಿದವು. ಹೆತ್ತ ಮಗು ಮನೆಯ ಬಾಗಿಲನ್ನೇ ಗುರುತಿಸಲಿಲ್ಲ.

ದುಡ್ಡು ಬಂತಲ್ಲ ಎನ್ನಬಹುದು. ಬಂತು, 30 ಕೋಟಿ ಡಾಲರಿಗೂ ಮೀರಿ. ನನ್ನ ಕೊರಗು ಬೇರೆ. ತಡವಾಗಿ ಬರುವ ಉತ್ತರಭಾಗದ ಕೈಯಲ್ಲಿ, ಮೊದಲ ಚಿತ್ರಕ್ಕೆ ಇಲ್ಲದ ಒಂದು ಸಂಪತ್ತಿರುತ್ತದೆ: ವಯಸ್ಸು. ಮೆಕ್ಲೇನ್ ಆಗಿ ನಟಿಸಿದ 33ರ ಬ್ರೂಸ್ ವಿಲ್ಲಿಸ್ ಅಂಗಾಲಿನಲ್ಲಿ ಗಾಜು ಹೊತ್ತರು. 57ರ ವಿಲ್ಲಿಸ್ ಮಂಡಿಯಲ್ಲಿ ನೋವು ಹೊರಬಹುದಿತ್ತು. ಗಾಯಕ್ಕೆ ಚೂರು ಚುಚ್ಚಬೇಕಿರಲಿಲ್ಲ. ನಾಲ್ಕು ಮೆಟ್ಟಿಲು ಸಾಕಿತ್ತು.

2022ರಲ್ಲಿ, ಮಾತಿಗೆ ತೊಡಕಾಗುವ ಅಫೇಸಿಯಾದಿಂದಾಗಿ ವಿಲ್ಲಿಸ್ ನಟನೆ ಬಿಡುತ್ತಿದ್ದಾರೆಂದು ಅವರ ಕುಟುಂಬ ತಿಳಿಸಿತು. ಸರಿಪಡಿಸಲು ಆರನೆಯ ಚಿತ್ರ ಬರಲಿಲ್ಲ. ಹಾಗಾಗಿ ನಾನು ಮೆಕ್ಲೇನ್‌ನನ್ನು ಬೀಳ್ಕೊಡುವುದು ಮಾಸ್ಕೋದಲ್ಲಿ ಅಲ್ಲ, ಆ ಬಾತ್‌ರೂಮಿನ ನೆಲದ ಮೇಲೆ. ಅಲ್ಲಿ ಅವನ ರಕ್ತದ ಹೆಜ್ಜೆಗುರುತು ಇನ್ನೂ ಹಸಿಯಾಗಿದೆ.